ಬಿಲ್ಲು ಸಮೇತ ವಾರಾಂತ್ಯ

ನನ್ನ ಕಸುಬಿನ ಹೆಸರು ಕನ್ಸಲ್ಟೆಂಟ್. ಸ್ವಂತ ಊರು ಬಿಟ್ಟು ಪರಊರಿಗೆ ಹೋಗಿ, ಅಲ್ಲಿ ಮೂರು ದಶಕದಿಂದ ಕಾರ್ಖಾನೆ ನಡೆಸುತ್ತಿರುವವರಿಗೆ ಕಾರ್ಖಾನೆ ನಡೆಸುವುದು ಹೇಗೆಂದು ಹೇಳಿಕೊಡುವವನು. ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಚೌಕಗಳೊಳಗೆ ತುಂಬಿ, ಬಾಣ ಎಳೆದು, ನೀಲಿ ಬಣ್ಣ ಹಚ್ಚಿ ಅವರಿಗೇ ವಾಪಸು ತೋರಿಸುವುದು ಕೆಲಸದ ಮುಖ್ಯ ಭಾಗ. ಸಂಬಳ ಪರವಾಗಿಲ್ಲ. ಆದರೆ ನಮ್ಮ ಮಂದಿ ನಾಲ್ವರು ಒಂದೆಡೆ ಸೇರಿದರೆ ಮಾತು ಸಂಬಳದ ಮೇಲೆ ನಿಲ್ಲುವುದಿಲ್ಲ, ಸೀದಾ ವಾರಾಂತ್ಯದ ಪ್ರಯಾಣಕ್ಕೆ ಜಾರುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಗಿರಾಕಿಯ ಊರಲ್ಲಿ ದುಡಿದವನನ್ನು ಕಂಪನಿ ತನ್ನ ಖರ್ಚಿನಲ್ಲಿ ಮನೆಗೆ ಕಳಿಸುತ್ತದೆ. ಮನೆ ಬೇಡವೆಂದರೆ ಅಷ್ಟೇ ಖರ್ಚಿನೊಳಗೆ ಬೇರೆಲ್ಲಿಗಾದರೂ ಹೋಗಬಹುದು. ಅದೂ ಬೇಡವೆಂದರೆ ಹೆಂಡತಿಯನ್ನೋ ಗಂಡನನ್ನೋ ಕೆಲಸದ ಊರಿಗೇ ಕರೆಸಿಕೊಳ್ಳಬಹುದು. ಕೇಳಿದವರು ಕಂಪನಿಯ ಔದಾರ್ಯಕ್ಕೆ ತಲೆದೂಗುತ್ತಾರೆ. ನಿಜ ಏನೆಂದರೆ, ನಾವು ಊರಿಗೆ ಹೋದ ರಾತ್ರಿಗಳ ಲಾಡ್ಜ್ ಬಾಡಿಗೆ ಕಂಪನಿಗೆ ಉಳಿಯುತ್ತದೆ. ಉಳಿದ ಖರ್ಚು ಕೊನೆಗೆ ಗಿರಾಕಿಯ ತಲೆಗೇ ಬರುತ್ತದೆ, ಅದು ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಈ ಸವಲತ್ತಿನ ಹುಚ್ಚು ನನಗೆ ಹಿಡಿಸಿದವನು ನನ್ನ ಭಾವ, ಹೆಂಡತಿಯ ಅಣ್ಣ. ಅವನೂ ಇದೇ ಕಸುಬಿನವನು, ಆದರೆ ನ್ಯೂಜೆರ್ಸಿಯಲ್ಲಿ. ವಾರವಾರ ವಿಮಾನ ಹತ್ತಿ ಹತ್ತಿ ಮೈಲು ಕೂಡಿಸಿ, ಹೋಟೆಲಿನಲ್ಲಿ ಮಲಗಿ ಮಲಗಿ ಪಾಯಿಂಟು ಕೂಡಿಸಿ, ಕೈಯಿಂದ ಕಾಸು ಬಿಚ್ಚದೆ ಸಂಸಾರ ಸಮೇತ ಹವಾಯಿಗೆ ಹೋಗಿ ಬಂದ. ಹೂಮಾಲೆ ಹಾಕಿಕೊಂಡು ನಿಂತ ಫೋಟೊವನ್ನು ಅವನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ದಿನದಿಂದ ನನ್ನ ಮನೆಯಲ್ಲಿ ಶಾಂತಿ ಇಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಈ ಮೈಲು ಕೊಡುವ ಪದ್ಧತಿ ಹಾಕಿಕೊಟ್ಟ ಮೇಲೆ ಆ ದೇಶದಲ್ಲಿ ಇದಕ್ಕಾಗಿ ಏನೇನೋ ನಡೆದಿದೆ. ಡೇವಿಡ್ ಫಿಲಿಪ್ಸ್ ಎಂಬ ಕ್ಯಾಲಿಫೋರ್ನಿಯಾದ ಎಂಜಿನಿಯರ್ 1999ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪುಡಿಂಗ್ ಡಬ್ಬಿ ಕೊಂಡು, ಅವುಗಳ ಮೇಲಿನ ಚೀಟಿ ಕಳಿಸಿ, 12 ಲಕ್ಷಕ್ಕೂ ಹೆಚ್ಚು ಮೈಲು ಗಳಿಸಿದ. ಚೀಟಿ ಕಿತ್ತುಕೊಟ್ಟವರಿಗೆ ಪುಡಿಂಗನ್ನೇ ದಾನ ಮಾಡಿದ. ಅಂಥವರಿರುವ ದೇಶದಲ್ಲಿ ನನ್ನ ಭಾವ ಹವಾಯಿಗೆ ಹೋದದ್ದು ದೊಡ್ಡದಲ್ಲ. ಆದರೆ ನನ್ನ ಹೆಂಡತಿಗೆ ಡೇವಿಡ್ ಫಿಲಿಪ್ಸ್ ಗೊತ್ತಿಲ್ಲ, ಅಣ್ಣ ಗೊತ್ತು.

ನನಗೆ ಸಿಕ್ಕದ್ದು ಗೌರಿಬಿದನೂರು. ಊರಿನ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಉತ್ತರ ಪಿನಾಕಿನಿಯ ದಂಡೆ, ಪಕ್ಕದ ಹೊಸೂರು ಎಚ್. ನರಸಿಂಹಯ್ಯನವರ ಹುಟ್ಟೂರು, ಸನಿಹದಲ್ಲೇ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ನೆಟ್ಟು ಕಟ್ಟಿದ ರೇಡಿಯೊ ದೂರದರ್ಶಕ. ಬ್ರಹ್ಮಾಂಡದ ಯಾವುದೋ ಮೂಲೆಯಿಂದ ಹೊರಟ ಪಿಸುಮಾತು 1970ರ ದಶಕದಿಂದ ಇಲ್ಲಿ ಕೇಳಿಸುತ್ತಿದೆ. ನನ್ನ ಲಾಡ್ಜಿನ ಕೋಣೆಯಲ್ಲಿ ಹೆಂಡತಿಯ ಫೋನು ಕೇಳಿಸುತ್ತಿರಲಿಲ್ಲ, ನಮ್ಮ ಕಂಪನಿಯ ಅಕೌಂಟ್ಸ್ ಮೇಡಂ ಫೋನು ಮಾತ್ರ ಸ್ಫಟಿಕದಷ್ಟು ಸ್ಪಷ್ಟ.

ಮೊದಮೊದಲು ನಿಯತ್ತಾಗಿ ಹುಬ್ಬಳ್ಳಿಗೇ ಹೋದೆ. ಶುಕ್ರವಾರ ಸಂಜೆ ಬೆಂಗಳೂರು, ಅಲ್ಲಿಂದ ರಾತ್ರಿ ರೈಲು, ಶನಿವಾರ ಬೆಳಿಗ್ಗೆ ಮನೆ. ಸ್ನಾನ, ತಿಂಡಿ, ನಿದ್ದೆ. ಎದ್ದಾಗ ಭಾನುವಾರ. ಮತ್ತೆ ಸ್ನಾನ, ಊಟ, ರೈಲು. ಒಗೆಯದ ಬಟ್ಟೆ ತರುವುದು, ಒಗೆದ ಬಟ್ಟೆ ಒಯ್ಯುವುದು ಬಿಟ್ಟರೆ ಬೇರೆ ವ್ಯವಹಾರವಿಲ್ಲ. ಒಂದು ಸಲ ಹೆಂಡತಿಯೇ ಹೇಳಿದಳು: "ಅರಿವಿ ಒಗಿಸ್ಕೊಂಡ್ ಹೋಗಾಕಂತನ ಇಷ್ಟ್ ದೂರ ಬರ್ತೀರೇನ್ರಿ? ಕೊರಿಯರ್ ಮಾಡ್ರಿ, ಒಗದು ಕಳಸ್ತೀನಿ. ನೀವು ಅಲ್ಲೇ ಎಲ್ಲರ ಅಡ್ಡಾಡಿ ಬರ್ರಿ. ನಮ್ಮಣ್ಣ ನೋಡ್ರಿ..."

ಹವಾಯಿ ಅಲ್ಲದಿದ್ದರೂ ಗೋವಾ ಎಂದುಕೊಂಡು ನಿಯಮಾವಳಿ ತೆರೆದೆ. ಅಲ್ಲಿತ್ತು ಕೊಕ್ಕೆ. 'ಪರ್ಯಾಯ ಪ್ರಯಾಣದ ಒಟ್ಟು ವೆಚ್ಚವು ಮನೆಗೆ ಹೋಗುವ ಅತಿ ಅಗ್ಗದ ಮಾರ್ಗದ ವೆಚ್ಚವನ್ನು ಮೀರತಕ್ಕದ್ದಲ್ಲ.' ಭಾವನ ಅತಿ ಅಗ್ಗದ ಮಾರ್ಗ ವಿಮಾನ. ನನ್ನದು ಸ್ಲೀಪರ್ ಕ್ಲಾಸ್ ರೈಲು. ಆ ಎರಡು ಕಡೆಯ ರೈಲ್ವೆ ಚಾರ್ಜಿನೊಳಗೆ ಹೋಗಿ, ಇದ್ದು, ತಿಂದು, ವಾಪಸು ಬರಬೇಕು. ಜತೆಗೆ ರಾತ್ರಿ ತಂಗಿದ ಬಿಲ್ಲು ಕಡ್ಡಾಯ, ಇಲ್ಲದಿದ್ದರೆ ಹೋದದ್ದೇ ಸುಳ್ಳು. ಈ ಮೊತ್ತವನ್ನು ಕೈಯಲ್ಲಿ ಹಿಡಿದು ನಕ್ಷೆಯ ಮೇಲೆ ಒಂದು ವೃತ್ತ ಎಳೆದರೆ ಅದರೊಳಗೆ ಬರುವ ಜಗತ್ತು ಇಷ್ಟು: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಸರ್ಕಾರ ನನ್ನ ಪ್ರಯಾಣ ಭತ್ಯೆಯ ಅಳತೆ ತೆಗೆದುಕೊಂಡೇ ಮಾಡಿತೋ ಎಂಬ ಅನುಮಾನ ನನಗೆ ಈಗಲೂ ಇದೆ.

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ನೇರ ರೈಲಿಲ್ಲ. ಈ ಊರು ಹಿಂದೂಪುರದ ಹಳಿಯ ಮೇಲೆ, ಆ ಊರು ಕೋಲಾರದ ಹಳಿಯ ಮೇಲೆ, ಎರಡೂ ಯಲಹಂಕದಲ್ಲಿ ಬೆನ್ನು ತಿರುಗಿಸಿಕೊಂಡು ಹೋಗುತ್ತವೆ. ಹಾಗಾಗಿ ಮಂಚೇನಹಳ್ಳಿ ಮೇಲೆ ಬಸ್ಸು. ಕಂಡಕ್ಟರು "ಎಕ್ಕಡ ಸಾರ್?" ಎಂದ. ಕನ್ನಡ ನಾಡಿನ ಒಳಗೇ ಇದ್ದೇನೆಂಬ ಧೈರ್ಯದಲ್ಲಿ ಹುಬ್ಬಳ್ಳಿ ಕನ್ನಡದಲ್ಲಿ ಉತ್ತರ ಕೊಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಪಾಪ ಯಾವ ರಾಜ್ಯದವರೋ ಎಂದು ಹಿಂದಿಯಲ್ಲಿ ಮಾತಾಡಿಸಿದ.

ಮೊದಲ ಗುರಿ ನಂದಿ ಬೆಟ್ಟದ ಸೂರ್ಯೋದಯ. 1478 ಮೀಟರ್ ಎತ್ತರ, ಟಿಪ್ಪುವಿನ ಬೇಸಿಗೆ ಬಿಡಾರ, 1986ರ ಸಾರ್ಕ್ ಸಮ್ಮೇಳನಕ್ಕೆ ಬಂದ ದೊರೆಗಳು ಅಡ್ಡಾಡಿದ ಜಾಗ. ಚಿಕ್ಕಬಳ್ಳಾಪುರದ ಲಾಡ್ಜಿನಲ್ಲಿ ಉಳಿದು, ಬಿಲ್ಲು ಇಸಿದುಕೊಂಡು, ಭಾನುವಾರ ನಸುಕಿಗೆ ಆಟೊ ಹಿಡಿದೆ. ನನ್ನಂತೆಯೇ ಯೋಚಿಸಿದವರು ಬೆಂಗಳೂರಿನಲ್ಲಿ ಒಂದಿಬ್ಬರು ಇರಬಹುದೆಂದುಕೊಂಡಿದ್ದೆ. ಬೆಂಗಳೂರಿಗೆ ಬೆಂಗಳೂರೇ ಬಂದಿತ್ತು. ಬೆಟ್ಟದ ಬುಡದಿಂದ ಕಾರುಗಳ ಸಾಲು, ಸಾಲಿನ ಸಂದಿಯಲ್ಲಿ ಬೈಕುಗಳು, ಬೈಕುಗಳ ಸಂದಿಯಲ್ಲಿ ಟೀ ಮಾರುವವರು. ಆಟೊದವನು ಇಂಜಿನ್ ಆಫ್ ಮಾಡಿ ಮಲಗಿಬಿಟ್ಟ. ಸೂರ್ಯ ಮಾತ್ರ ಯಾವ ಟ್ರಾಫಿಕ್ಕಿಗೂ ಸಿಕ್ಕದೆ ಹೊತ್ತಿಗೆ ಸರಿಯಾಗಿ ಹುಟ್ಟಿದ. ನಾನು ಅವನನ್ನು ಕಂಡದ್ದು ಮುಂದಿನ ಟೆಂಪೊ ಟ್ರಾವೆಲರಿನ ಹಿಂಗಾಜಿನಲ್ಲಿ, 'ಅಪ್ಪನ ಆಶೀರ್ವಾದ' ಎಂಬ ಅಕ್ಷರಗಳ ನಡುವೆ. ಮೇಲೆ ತಲುಪಿದಾಗ ಮಂಜೆಲ್ಲ ಕರಗಿ ಬಿಸಿಲು ಚುರುಚುರು. ಪ್ರವೇಶದ ಚೀಟಿಯನ್ನು ಚಿಪ್ಸ್ ಪೊಟ್ಟಣದೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಪೊಟ್ಟಣವನ್ನು ಒಂದು ಕೋತಿ ಕಿತ್ತುಕೊಂಡು ಹೋಯಿತು. 'ಬಿಲ್ ಕಳೆದುಹೋಗಲು ಕಾರಣ' ಎಂಬ ಕಾಲಮ್ಮಿನಲ್ಲಿ ಕಂಪ್ಯೂಟರು ಕೊಡುವ ಆಯ್ಕೆಗಳು ಕಳವು, ಬೆಂಕಿ, ಪ್ರವಾಹ. ಕಳವು ಒತ್ತಿದೆ. ಎಫ್‌ಐಆರ್ ಪ್ರತಿ ಲಗತ್ತಿಸಿ ಎಂದಿತು.

ಇನ್ನೊಂದು ವಾರ ಚಿಂತಾಮಣಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಹೋಗುವ ಹಳಿ ಮೊದಲು ನ್ಯಾರೋಗೇಜ್, 2013ರಲ್ಲಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆದದ್ದು. ಆ ರೈಲಿನ ಟಿಕೆಟ್ ದರ ಎಷ್ಟು ಕಡಿಮೆ ಎಂದರೆ, ನಮ್ಮ ಸಾಫ್ಟ್‌ವೇರು ಅದನ್ನು ಮೊತ್ತ ಎಂದು ಒಪ್ಪಲೇ ಇಲ್ಲ, 'ಸೊನ್ನೆ ಬಿಟ್ಟುಹೋಗಿದೆಯೇ?' ಎಂದು ಕೇಳಿತು. ಕೈವಾರದಲ್ಲಿ ತಾತಯ್ಯನವರ ಮಠಕ್ಕೆ ಹೋಗಿ, ಅಮರನಾರೇಯಣನಿಗೆ ಕೈಮುಗಿದು, ದಾಸೋಹದಲ್ಲಿ ಉಂಡೆ. ಊಟ ಧರ್ಮಾರ್ಥ, ಬಿಲ್ಲಿಲ್ಲ. ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದು ಸ್ಥಳಪುರಾಣ. ಅಲ್ಲಿ ಬೆಟ್ಟ ನೋಡುತ್ತ ನಿಂತಾಗ ನನಗೊಂದು ಹೊಳೆಯಿತು. ಭೀಮ ಆ ಊರಿನವನಲ್ಲ. ಬೇರೊಬ್ಬರ ಮನೆಯಲ್ಲಿ ತಂಗಿದ್ದ, ಬೇರೊಬ್ಬರ ಸಮಸ್ಯೆ ಪರಿಹರಿಸಲು ಹೊರಟ, ಹೊರಡುವಾಗ ಒಂದು ಬಂಡಿ ಅನ್ನ ಕೊಟ್ಟರು, ಅಷ್ಟನ್ನೂ ದಾರಿಯಲ್ಲಿ ತಾನೇ ಉಂಡ. ನಮ್ಮ ಕಸುಬಿನ ಮೂಲಪುರುಷ ಇನ್ಯಾರು? ಒಂದೇ ವ್ಯತ್ಯಾಸ, ಅವನು ಕೆಲಸ ಮುಗಿಸಿದ.

ವಾಪಸು ಬರುವಾಗ ಚಿಂತಾಮಣಿ ಮಂಡಿಯಲ್ಲಿ ಟೊಮೆಟೊ ತೀರಾ ಅಗ್ಗ ಎಂದು ಒಂದು ಬಾಕ್ಸ್ ಕೊಂಡೆ. ಲಾಡ್ಜಿನಲ್ಲಿ ವಾಸ ಮಾಡುವವನಿಗೆ ಒಂದು ಬಾಕ್ಸ್ ಟೊಮೆಟೊ ಯಾಕೆ ಎಂದು ನೀವು ಕೇಳುತ್ತಿದ್ದೀರಿ. ಲಾಡ್ಜಿನ ಮ್ಯಾನೇಜರೂ ಕೇಳಿದರು. ಆ ವಾರ ಅಲ್ಲಿ ತಂಗಿದ ಪ್ರತಿಯೊಬ್ಬ ಮೆಡಿಕಲ್ ರೆಪ್ರೆಸೆಂಟೆಟಿವ್‌ಗೂ ಟೊಮೆಟೊ ಸಾರು ಕಟ್ಟಿಟ್ಟ ಬುತ್ತಿ. ಆಹಾರ ಭತ್ಯೆಯಲ್ಲಿ ತೋರಿಸಿದೆ. 'ಬೇಯಿಸದ ಆಹಾರಕ್ಕೆ ಭತ್ಯೆ ಇಲ್ಲ' ಎಂದು ವಾಪಸು ಬಂತು.

ಅಷ್ಟರಲ್ಲಿ ಮೂರನೇ ಆಯ್ಕೆ ನೆನಪಾಯಿತು: ಹೆಂಡತಿಯನ್ನು ಕರೆಸಿಕೊಳ್ಳುವುದು. ಹೇಳಿದೆ. ಒಪ್ಪಿದಳು. ಜತೆಗೆ ಅತ್ತೆಯವರೂ ಹೊರಟರು. ನಮ್ಮ ಮಾವನವರು ಹುಬ್ಬಳ್ಳಿಯ ರೈಲ್ವೆಯಲ್ಲಿ ಸರ್ವಿಸ್ ಮುಗಿಸಿ ತೀರಿಹೋದವರು, ಅತ್ತೆಗೆ ಪಾಸ್ ಇದೆ. ಜೀವಮಾನವಿಡೀ ಪಾಸಿನ ಮೇಲೆ ಕಾಶಿ, ರಾಮೇಶ್ವರ, ಪುರಿ ಮಾಡಿ ಬಂದ ಅವರಿಗೆ, ನಾನು ಪ್ರತಿ ಚಹಾದ ಅಂಗಡಿಯಲ್ಲಿ ಬಿಲ್ಲು ಕೇಳುವುದು ಕಂಡು ಮೈ ಪರಚಿಕೊಳ್ಳುವಂತಾಯಿತು. "ಅಳಿಯಂದ್ರ, ಹತ್ತ್ ರೂಪಾಯಿ ಚಾಕ ಚೀಟಿ ಕೇಳ್ತೀರಲ್ರಿ, ಆ ಪಾಪಂದು ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ" ಎಂದು ನನ್ನ ಪರವಾಗಿ ಚಹಾದವನ ಕ್ಷಮೆ ಕೇಳಿದರು. ಚಹಾದವನು ಬಿ.ಕಾಂ. ಓದಿದ್ದ.

ಶನಿವಾರ ಬೆಳಿಗ್ಗೆ ಅವರಿಬ್ಬರನ್ನೂ ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಗೆ ಕರೆದೊಯ್ದೆ. ಅತ್ತೆಯವರಿಗೆ ಅವರೆಂದರೆ ದೇವರು. ನನಗೆ ಅಲ್ಲಿ ಬೇರೆಯೇ ಹೆಮ್ಮೆ. ದಿವಾನರಾಗುವ ಮುಂಚೆ ಅವರೂ ನಮ್ಮವರೇ ಅಲ್ಲವೇ? 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿದಾಗ ನಿಜಾಮರು ಕರೆಸಿಕೊಂಡದ್ದು ಸಲಹೆಗಾರ ಎಂಜಿನಿಯರರನ್ನಾಗಿ. ಅದಕ್ಕೂ ಮುಂಚೆ ಏಡನ್ನಿಗೆ ಹೋಗಿ ನೀರಿನ, ಒಳಚರಂಡಿಯ ಯೋಜನೆ ಮಾಡಿಕೊಟ್ಟವರು. ಊರು ಬಿಟ್ಟು ಊರಲ್ಲಿ ಕೆಲಸ! ಈ ವಾದವನ್ನು ಅತ್ತೆಯವರ ಮುಂದಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದರಂತೆ ಎಂಬ, ನಾಡಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆಯನ್ನು ಪೂರ್ತಿ ಹೇಳಿದರು. ನಮ್ಮ ಕಂಪನಿಯಲ್ಲಾಗಿದ್ದರೆ ಅಕೌಂಟ್ಸ್ ಮೇಡಂ ಎರಡೂ ಬತ್ತಿಯ ಬಿಲ್ಲು ಕೇಳುತ್ತಿದ್ದರು ಎಂದೆ. ಅತ್ತೆ ನಗಲಿಲ್ಲ.

ಮಧ್ಯಾಹ್ನ ಶಿಡ್ಲಘಟ್ಟ. ಈ ಊರನ್ನು ಆರಿಸಿದವರು ಅತ್ತೆಯವರೇ. ರೇಷ್ಮೆಗೆ ಹೆಸರಾದ ಊರು, ಹುಟ್ಟುವ ಜಾಗದಲ್ಲೇ ಕೊಂಡರೆ ಸೀರೆ ಅಗ್ಗ ಎಂಬ ಲೆಕ್ಕ. ಲೆಕ್ಕ ನನಗೂ ಸರಿಯೆನಿಸಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, "ಅಳಿಯಂದ್ರ, ಸೀರಿ ಅಂಗಡಿ ಎಲ್ಲೆ ಅದಾವು?" ಎಂದರು. ವಿಚಾರಿಸಿದರೆ, ಶಿಡ್ಲಘಟ್ಟದಲ್ಲಿ ಸಿಗುವುದು ರೇಷ್ಮೆ ಗೂಡು, ಬಿಚ್ಚಿದ ನೂಲು. ಆ ನೂಲು ಕಂಚಿಗೋ ಧರ್ಮಾವರಕ್ಕೋ ಹೋಗಿ ಸೀರೆಯಾಗುತ್ತದೆ. ಸೀರೆ ಬೇಕೆಂದರೆ ಇಲ್ಲಿಯವರೂ ಹೊರಗೆ ಹೋಗಿ ಕೊಳ್ಳುತ್ತಾರೆ. ಅತ್ತೆಯವರ ಮುಖ ನೋಡಿ ಹೆಂಡತಿ, "ಬಂದೀವಿ, ಗೂಡಾರ ನೋಡೋಣ ಬಾ ಅವ್ವಾ" ಎಂದಳು.

ಗೂಡಿನ ಮಾರುಕಟ್ಟೆಯನ್ನು ಒಮ್ಮೆ ನೋಡಬೇಕು. ರಾಮನಗರ ಬಿಟ್ಟರೆ ರಾಜ್ಯದಲ್ಲಿ ಇದರದೇ ಹೆಸರು. ಉದ್ದನೆಯ ಹಜಾರ, ಸಾಲುಸಾಲು ಜಾಲರಿಗಳು, ಪ್ರತಿ ಜಾಲರಿಯ ತುಂಬ ಹಳದಿ, ಬಿಳಿ ಗೂಡುಗಳು. ನಡುವೆ ಓಡಾಡುವ ರೀಲರುಗಳು ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಗಲಗಲ ಅಲುಗಿಸಿ, ಒಳಗಿನ ಹುಳು ಹೇಗೆ ಸದ್ದು ಮಾಡುತ್ತದೆಂದು ಕೇಳಿ, ಮುಖದಲ್ಲಿ ಏನೂ ತೋರಿಸದೆ ಮುಂದಕ್ಕೆ ಹೋಗುತ್ತಾರೆ. ಮೊದಲು ಕೂಗಿ ಹರಾಜು, ಈಗ ಇ-ಹರಾಜು. ಬೆಲೆ ಮೊಬೈಲಿನಲ್ಲಿ ಒತ್ತುತ್ತಾರೆ. ರೈತ ತನ್ನ ಜಾಲರಿಯ ಪಕ್ಕ ನಿಂತು ಪರದೆಯ ಮೇಲಿನ ಅಂಕಿ ನೋಡುತ್ತಿರುತ್ತಾನೆ. ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ರಾತ್ರಿ ಎದ್ದು ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಟ್ಟು ತಿಂಗಳಿಡೀ ದುಡಿದದ್ದಕ್ಕೆ ಅಲ್ಲಿ ಅರೆಕ್ಷಣದಲ್ಲಿ ಬೆಲೆ ಕಟ್ಟುತ್ತಾರೆ. ಅವನು ಯಾರಿಗೂ ಪ್ರಯಾಣದ ಬಿಲ್ಲು ಕಳಿಸುವುದಿಲ್ಲ.

ನಾನೂ ಒಂದು ಹಿಡಿ ಎತ್ತಿ ಕಿವಿಗೆ ಹಿಡಿದು ಅಲುಗಿಸಿ, ಹುಬ್ಬು ಗಂಟಿಕ್ಕಿ, ತಲೆ ಆಡಿಸಿದೆ. ತಿಳಿಯದ ವಿಷಯಕ್ಕೆ ತಲೆ ಆಡಿಸುವುದರಲ್ಲಿ ನನಗೆ ಹದಿನೈದು ವರ್ಷದ ಅನುಭವವಿದೆ. ಪಕ್ಕದಲ್ಲಿದ್ದ ರೀಲರೊಬ್ಬರು ನನ್ನನ್ನು ನೋಡಿ, ಅದೇ ಜಾಲರಿಯ ಗೂಡನ್ನು ತಾವೂ ಇನ್ನೊಮ್ಮೆ ಅಲುಗಿಸಿ ನೋಡಿದರು. ಕನ್ಸಲ್ಟೆಂಟ್ ಆಗಿ ನಾನು ಮಾರುಕಟ್ಟೆಯ ಮೇಲೆ ಪರಿಣಾಮ ಬೀರಿದ್ದು ಅದೊಂದೇ ಸಲ.

ಅಲ್ಲಿಂದ ಹತ್ತಿರದ ಬಿಚ್ಚಾಣಿಕೆ ಘಟಕಕ್ಕೆ ಹೋದೆವು. ಕುದಿಯುವ ನೀರಿನಲ್ಲಿ ಗೂಡು, ಎಳೆಯ ತುದಿ ಹುಡುಕಿ ಹಿಡಿಯುವ ಬೆರಳುಗಳು, ತಿರುಗುವ ರಾಟೆ. ಒಂದೊಂದು ಗೂಡಿನಿಂದ ನೂರಾರು ಮೀಟರ್ ಎಳೆ ಕಡಿಯದೆ ಬರುತ್ತದೆ ಎಂದು ವಿವರಿಸಿದರು. ಅತ್ತೆಯವರು ಕೇಳಿದ್ದು ಒಂದೇ: "ಒಳಗಿನ ಹುಳಾ?" ಅವರು ಹೇಳಿದರು. ಇಷ್ಟು ವರ್ಷ ಮಡಿಯೆಂದು ಉಟ್ಟ ಸೀರೆಗಳ ಲೆಕ್ಕ ಅತ್ತೆಯವರ ಕಣ್ಣಲ್ಲಿ ಓಡಿದ್ದು ನಮಗೆ ಕಾಣಿಸಿತು. ಅವರು ಸೀದಾ ಮಾರುಕಟ್ಟೆಗೆ ವಾಪಸು ನಡೆದು, ಒಬ್ಬ ಮುದುಕ ರೈತನ ಮುಂದೆ ನಿಂತು, "ಒಂದೀಟು ಕೊಡ್ರಿ, ಇವನ್ನರ ಉಳಸ್ತೀನಿ" ಎಂದರು. ಅವನು ನಕ್ಕು, ಕಾಸು ಮುಟ್ಟದೆ, "ತಗೊಳವ್ವಾ" ಎಂದು ಎರಡು ಬೊಗಸೆ ಕೊಟ್ಟ. ಕೊಡುತ್ತ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಎಚ್ಚರಿಕೆಯ ದನಿಯಲ್ಲಿ ಹೇಳಿದ. "...ಬಯಟಿಕಿ ವಸ್ತಾದಿ ಸಾರ್" ಎಂಬುದಷ್ಟು ಕಿವಿಗೆ ಬಿತ್ತು. ನಾನು ತಲೆ ಆಡಿಸಿದೆ.

ಅತ್ತೆಯವರ ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹೆಂಡತಿಯ ಚೀಲಕ್ಕೆ ಹುಳು ಸೇರಿಸಲು ಆಕೆ ಒಪ್ಪಲಿಲ್ಲ. ಉಳಿದದ್ದು ನನ್ನ ಲ್ಯಾಪ್‌ಟಾಪ್ ಚೀಲದ ಹೊರಜೇಬು, ನಾನು ಬಿಲ್ಲು ಇಡುವ ಜಾಗ. ಬಿಲ್ಲುಗಳ ನಡುವೆ ಗೂಡುಗಳನ್ನು ಮೆತ್ತಗೆ ಮಲಗಿಸಿ, ಜಿಪ್ ಎಳೆದು, "ಮುಂದಿನ ಸಲ ಬಂದಾಗ ಕೊಡ್ರಿ, ಮನ್ಯಾಗ ಇಡ್ತೀನಿ" ಎಂದರು ಅತ್ತೆ.

ಭಾನುವಾರ ವಿದುರಾಶ್ವತ್ಥಕ್ಕೆ ಹೋದೆವು. ನನ್ನ ಕಾರ್ಖಾನೆಯಿಂದ ಕೂಗಳತೆ, ಆದರೂ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ, ಯಾಕೆಂದರೆ ಕೆಲಸದ ಊರಿನ ಸುತ್ತ ತಿರುಗಿದರೆ ಭತ್ಯೆ ಇಲ್ಲ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎನ್ನುತ್ತಾರೆ. ವೀರಸೌಧದೊಳಗೆ ಅತ್ತೆಯವರು ಒಂದೊಂದು ಚಿತ್ರದ ಮುಂದೆಯೂ ನಿಂತರು. ಹೊರಗೆ ಬಂದು ನಾಗರಕಲ್ಲುಗಳ ನಡುವೆ ಬಹಳ ಹೊತ್ತು ಕೂತರು. ಆ ದಿನ ನಾನು ಯಾರ ಹತ್ತಿರವೂ ಬಿಲ್ಲು ಕೇಳಲಿಲ್ಲ. ಸಂಜೆ ಅವರಿಬ್ಬರೂ ಹುಬ್ಬಳ್ಳಿ ದಾರಿ ಹಿಡಿದರು.

ಮುಂದಿನ ಶುಕ್ರವಾರ ಕಾರ್ಖಾನೆಯಲ್ಲಿ ದೊಡ್ಡ ಮೀಟಿಂಗು. ಹೊಸ ವ್ಯವಸ್ಥೆ ಯಾವ ದಿನ 'ಲೈವ್' ಆಗುತ್ತದೆಂದು ನಾನು ಹೇಳಬೇಕಿತ್ತು. ಅದಕ್ಕೂ ಮುಂಚೆ ಹೇಳಿದ್ದ ದಿನಗಳೆಲ್ಲ ಒಂದೊಂದಾಗಿ ಕಳೆದುಹೋಗಿದ್ದವು. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಚೀಲ. ಮೂರನೇ ಸ್ಲೈಡಿನ ಹೊತ್ತಿಗೆ ಕೇಳುಗರ ಕಣ್ಣು ಪರದೆಯ ಮೇಲಿಲ್ಲ, ನನ್ನ ಮೊಣಕೈಯ ಹತ್ತಿರ ಇದೆ ಎನಿಸಿತು. ನೋಡಿದೆ. ಜಿಪ್ಪಿನ ಸಂದಿಯಿಂದ ಒಂದು ದಪ್ಪ ಬಿಳಿ ಚಿಟ್ಟೆ ಒದ್ದೆ ರೆಕ್ಕೆ ಎಳೆದುಕೊಂಡು ಹೊರಗೆ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ನಾನು ಜಿಪ್ ಸರಿಪಡಿಸಲು ಹೋಗಿ ಪೂರ್ತಿ ತೆರೆದೆ. ಆಮೇಲೆ ಎಣಿಸುವ ಅವಕಾಶ ಇರಲಿಲ್ಲ.

ರೇಷ್ಮೆ ಚಿಟ್ಟೆ ಹಾರುವುದಿಲ್ಲ, ತಿನ್ನುವುದೂ ಇಲ್ಲ. ಸಾವಿರಾರು ವರ್ಷ ಮನುಷ್ಯರ ಜತೆ ಬಾಳಿ ಹಾರುವುದನ್ನು ಬಿಟ್ಟಿದೆ. ಅದಕ್ಕೆ ಉಳಿದಿರುವುದು ಒಂದೇ ಕಾರ್ಯಕ್ರಮ, ಅದನ್ನು ಅದು ತಡಮಾಡದೆ, ಹಿರಿಯ ಅಧಿಕಾರಿಗಳ ಸಮ್ಮುಖದಲ್ಲಿ, ನನ್ನ ಯೋಜನಾ ವರದಿಯ ಮೇಲೆ ಆರಂಭಿಸಿತು. ಕಾಫಿ ತಂದ ಹುಡುಗ ಶಿಡ್ಲಘಟ್ಟದ ಕಡೆಯವನು. ಅವ ತಟ್ಟೆ ಕೆಳಗಿಟ್ಟು, "ಸಾರ್, ಚಟಪಟ ಅಂತೈತಲ್ಲ ಅದು ಗಂಡು, ಸುಮ್ನೆ ಕೂತಿರೋದು ಹೆಣ್ಣು. ಬಿತ್ತನೆ ಕೋಠಿಯಲ್ಲೂ ಹಿಂಗೆ ಹಾಳೆ ಮೇಲೇ ಮೊಟ್ಟೆ ಇಡಿಸೋದು. ಎಬ್ಬಿಸ್ಬೇಡಿ ಸಾರ್, ಪಾಪ" ಎಂದ. ಎಲ್ಲರೂ ಸುತ್ತ ನೆರೆದರು. ನನ್ನ ಮೀಟಿಂಗಿಗೆ ಅಷ್ಟು ಏಕಾಗ್ರತೆಯಿಂದ ಜನ ಎಂದೂ ಕೂತದ್ದಿಲ್ಲ. ಕೊನೆಗೆ ಪ್ಲಾಂಟಿನ ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ನಿಮ್ಮ ಕಡೆಯಿಂದ ಹೊತ್ತಿಗೆ ಸರಿಯಾಗಿ ಲೈವ್ ಆಗಿದ್ದು ಇದೊಂದೇ ನೋಡಿ."

ಸಂಜೆ ಬಿಲ್ಲುಗಳನ್ನು ಹೊರತೆಗೆದೆ. ಚಿಟ್ಟೆ ಗೂಡು ತೂತುಮಾಡಲು ಎಂಜಲಿನಂಥದ್ದೇನೋ ಹಚ್ಚಿ ಎಳೆ ಮೆತ್ತಗೆ ಮಾಡುತ್ತದೆ, ಹೊರಗೆ ಬಂದ ಮೇಲೆ ಕಂದು ನೀರು ಬಿಡುತ್ತದೆ. ಬಸ್ಸಿನ ಚೀಟಿಗಳು ಅಲ್ಲಿಗೇ ಕರಗಿದ್ದವು. ಲಾಡ್ಜಿನ ಬಿಲ್ಲು ಉಳಿದಿತ್ತು, ಆದರೆ ಅದರ ಮೇಲೆ ಗಸಗಸೆಯಷ್ಟು ಸಣ್ಣ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ಅಂಟಿದ್ದವು. ಒಂದು ಹೆಣ್ಣು ಚಿಟ್ಟೆ ನಾನೂರು, ಐನೂರು ಮೊಟ್ಟೆ ಇಡುತ್ತದೆ. ಕೀಳಲು ನೋಡಿದರೆ ಅಕ್ಷರವೇ ಕಿತ್ತುಬರುತ್ತಿತ್ತು. ಇದ್ದದ್ದು ಇದ್ದಂತೆ ಫೋಟೊ ತೆಗೆದು ಸಾಫ್ಟ್‌ವೇರಿಗೆ ಹಾಕಿದೆ.

ನಮ್ಮಲ್ಲಿ ಬಿಲ್ಲನ್ನು ಮನುಷ್ಯರು ಓದುವುದಿಲ್ಲ, ಸಾಫ್ಟ್‌ವೇರೇ ಓದುತ್ತದೆ. ಅದನ್ನು ಊರೂರಿಗೆ ಹೊತ್ತು ಮಾರಿದವರಲ್ಲಿ ನಾನೂ ಒಬ್ಬ. 'ಮನುಷ್ಯರ ಕಣ್ತಪ್ಪಿಗೆ ಇಲ್ಲಿ ಆಸ್ಪದವೇ ಇಲ್ಲ' ಎಂಬ ಸ್ಲೈಡು ನನ್ನ ಕೈಯದೇ. ಆ ಬಿಲ್ಲಿನಲ್ಲಿ 850 ರೂಪಾಯಿ ಎಂದು ಬರೆದಿತ್ತು. ಎಂಟಕ್ಕೂ ಐದಕ್ಕೂ ನಡುವೆ, ಕೆಳಗಡೆ, ಒಂದೇ ಒಂದು ಮೊಟ್ಟೆ ಕೂತಿತ್ತು. ಸಾಫ್ಟ್‌ವೇರು ಅರೆನಿಮಿಷದಲ್ಲಿ ಓದಿ, ಒಪ್ಪಿ, 8 ರೂಪಾಯಿ 50 ಪೈಸೆ ಮಂಜೂರು ಮಾಡಿತು.

ಅಕೌಂಟ್ಸ್ ಮೇಡಂಗೆ ಫೋನು ಮಾಡಿ ವಿಷಯ ಹೇಳಿದೆ. ಅವರು ಪುಣೆಯವರು, ತಾಳ್ಮೆಯವರು. ಪೂರ್ತಿ ಕೇಳಿಸಿಕೊಂಡು, ಮೂಲ ಬಿಲ್ಲನ್ನು ಅಂಚೆಯಲ್ಲಿ ಕಳಿಸಿ, ಪರಿಶೀಲಿಸೋಣ ಎಂದರು. ಕಳಿಸಿದೆ. ಅದು ಅವರ ಫೈಲಿನಲ್ಲಿ ಕೆಲವು ದಿನ ಇತ್ತು. ಹವೆ ಬೆಚ್ಚಗಿದ್ದರೆ ಆ ಮೊಟ್ಟೆಗಳು ಹತ್ತು ದಿನದ ಸುಮಾರಿಗೆ ಒಡೆಯುತ್ತವೆ ಎಂದು ಕಾಫಿ ಹುಡುಗ ಹೇಳಿದ್ದನ್ನು ಅವರಿಗೆ ತಿಳಿಸಬೇಕೆಂದು ನನಗೆ ಹೊಳೆಯಲಿಲ್ಲ. ಪುಣೆಯಲ್ಲಿ ಆಗ ಬೇಸಿಗೆ.

ಕಂಪನಿಯ ಪ್ರಯಾಣ ನಿಯಮಾವಳಿ ಈಚೆಗೆ ಪರಿಷ್ಕೃತವಾಗಿದೆ. ವಾರಾಂತ್ಯದ ಸವಲತ್ತಿನ ಅಧ್ಯಾಯದ ಕೊನೆಗೆ ಒಂದು ಹೊಸ ಸಾಲು ಸೇರಿದೆ: 'ಬಿಲ್ಲುಗಳೊಂದಿಗೆ ಜೀವಂತವಾದ, ಅಥವಾ ಮುಂದೆ ಜೀವಂತವಾಗಬಹುದಾದ ಯಾವುದನ್ನೂ ಲಗತ್ತಿಸತಕ್ಕದ್ದಲ್ಲ.' ನಿಯಮ ಎಲ್ಲ ಶಾಖೆಗಳಿಗೂ ಅನ್ವಯ. ಎಂಟೂವರೆ ರೂಪಾಯಿ ಆ ತಿಂಗಳ ಸಂಬಳದ ಜತೆ ಬಂತು.